ಲೆಕ್ಕ ಕೇಳಿದವನ ಊರು ಯಾವುದು?

ಅಮೆರಿಕದಲ್ಲಿ ಮಕ್ಕಳಿರುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿರುತ್ತಾರೆ. ಅಲ್ಲಿ ಚುನಾವಣೆ ಬಂತೆಂದರೆ ಪತ್ರಗಳೂ ಜಾಸ್ತಿ. "ನನ್ನ ಮಗ ಅಲ್ಲಿನ ಪೌರನಾದ. ಇನ್ನು ಅವನು ಎಲೆಕ್ಷನ್ನಿಗೆ ನಿಲ್ಲಬಹುದೇ? ಗೆದ್ದರೆ ಎಲ್ಲಿಯವರೆಗೆ ಏರಬಹುದು?" ಕಾನೂನಿನ ಉತ್ತರ ಚಿಕ್ಕದು. ಅವರ ಲೋಕಸಭೆಯಂಥ ಪ್ರತಿನಿಧಿ ಸಭೆಗೆ ಹೋಗಲು ಪೌರತ್ವ ಸಿಕ್ಕಿ 7 ವರ್ಷ ಆಗಿರಬೇಕು, ಸೆನೆಟ್ಟಿಗೆ 9 ವರ್ಷ. ಅಧ್ಯಕ್ಷ ಪದವಿ ಮಾತ್ರ ಹುಟ್ಟಿನಿಂದಲೇ ಅಮೆರಿಕನ್ ಆದವರಿಗೆ ಮೀಸಲು, ಉಪಾಧ್ಯಕ್ಷ ಪದವಿಗೂ ಅದೇ ಅರ್ಹತೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರು 2023ರಲ್ಲಿ ಮಿಷಿಗನ್ ರಾಜ್ಯದಿಂದ ಪ್ರತಿನಿಧಿ ಸಭೆಗೆ ಹೋದದ್ದು ಈ ನಿಯಮದಂತೆಯೇ. ಇಷ್ಟನ್ನೇ ಹೇಳುವುದಾದರೆ ಒಂದು ಪೋಸ್ಟ್‌ಕಾರ್ಡ್ ಸಾಕಿತ್ತು. ಆದರೆ ಆ 9 ವರ್ಷದ ನಿಯಮಕ್ಕೆ ಸಿಕ್ಕಿ ಸೆನೆಟ್ಟಿನಿಂದ ಹೊರಬಿದ್ದ ಮನುಷ್ಯನೊಬ್ಬನಿದ್ದಾನೆ. ಹೊರಹಾಕಿದ ಏಳೇ ವರ್ಷಕ್ಕೆ ಅದೇ ದೇಶ ಅವನ ಕೈಗೆ ಖಜಾನೆಯ ಬೀಗದ ಕೈ ಕೊಟ್ಟಿತು. ಓದುಗರ ಪ್ರಶ್ನೆಗೆ ನಿಜವಾದ ಉತ್ತರ ಅವನ ಬದುಕಿನಲ್ಲಿದೆ ಎಂದು ನನಗೆ ಅನ್ನಿಸಿದೆ.

ಅವನ ಹೆಸರು ಆಲ್ಬರ್ಟ್ ಗ್ಯಾಲಟಿನ್. ವಾಷಿಂಗ್ಟನ್, ಜೆಫರ್ಸನ್, ಫ್ರ್ಯಾಂಕ್ಲಿನ್ ಎಂದರೆ ನಮ್ಮ ಹೈಸ್ಕೂಲು ಮಕ್ಕಳಿಗೂ ಗೊತ್ತು. ಹ್ಯಾಮಿಲ್ಟನ್ ಮೇಲೆ ಬ್ರಾಡ್‌ವೇಯಲ್ಲಿ ಸಂಗೀತ ನಾಟಕವೇ ಬಂದು, ಅಲ್ಲಿರುವ ನಮ್ಮ ಮೊಮ್ಮಕ್ಕಳು ಅದರ ಹಾಡು ಗುನುಗುತ್ತಾರೆ. ಗ್ಯಾಲಟಿನ್‌ಗೆ ಆ ಭಾಗ್ಯ ಇಲ್ಲ. ನನಗೆ ಅವನ ಪರಿಚಯವಾದದ್ದು ಸಾಲದ ಕೋಷ್ಟಕವೊಂದರ ಮೂಲಕ. ಬ್ಯಾಂಕಿನ ನೌಕರಿಯಲ್ಲಿ ತಲೆ ನರೆಸಿಕೊಂಡವನು ನಾನು, ಅಂಕಿಗಳ ಸಾಲು ಕಂಡರೆ ಬೆರಳು ತಾನಾಗಿ ಕೂಡಿಸಲು ಶುರುಮಾಡುತ್ತದೆ. ಅಮೆರಿಕ ಸರ್ಕಾರದ ಸಾಲ ವರ್ಷದಿಂದ ವರ್ಷಕ್ಕೆ ಹೇಗೆ ಏರಿತು ಎಂದು ನೋಡುತ್ತಿದ್ದಾಗ 1801ರಿಂದ ಹನ್ನೊಂದು ವರ್ಷಗಳ ಕಾಲ ಒಟ್ಟಿನಲ್ಲಿ ಅಂಕಿ ಇಳಿಯುತ್ತಾ ಬಂದದ್ದು ಕಣ್ಣಿಗೆ ಬಿತ್ತು. ಯಾರಪ್ಪಾ ಈ ಪುಣ್ಯಾತ್ಮ ಎಂದು ಹುಡುಕಿಕೊಂಡು ಹೋದೆ.

ಹುಟ್ಟಿದ್ದು 1761ರ ಜನವರಿಯಲ್ಲಿ, ಜಿನೀವಾದ ಒಳ್ಳೆಯ ಮನೆತನದಲ್ಲಿ. ಒಂಬತ್ತರ ವಯಸ್ಸಿನ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಮನೆಗೆ ಬೇಕಾದ ಪಿಕ್ಟೆ ಎಂಬ ಹೆಂಗಸು ಅವನನ್ನು ಮಗನಂತೆ ಸಾಕಿದಳು. ಜಿನೀವಾದ ಅಕಾಡೆಮಿಯಲ್ಲಿ ಓದು ಮುಗಿದಾಗ ಅಜ್ಜಿ ಒಂದು ನೌಕರಿ ನೋಡಿಟ್ಟಿದ್ದಳು: ಜರ್ಮನಿಯ ಹೆಸ್ಸೆ ಪ್ರಾಂತದ ದೊರೆಯ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ. ಬ್ರಿಟಿಷರಿಂದ ಹಣ ಪಡೆದು ಅಮೆರಿಕನ್ನರ ಮೇಲೆ ಯುದ್ಧಕ್ಕೆ ಸಿಪಾಯಿಗಳನ್ನು ಕಳಿಸುತ್ತಿದ್ದ ದೊರೆ ಅವನು. ಅಂಥ ನಿರಂಕುಶನ ಚಾಕರಿ ಮಾಡಲಾರೆ ಎಂದ ಹುಡುಗನ ಕೆನ್ನೆಗೆ ಅಜ್ಜಿ ಬಾರಿಸಿದಳು ಎಂದು ಆ ಮನೆತನದ ಕಥೆ. 1780ರ ಏಪ್ರಿಲ್‌ನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಯಾರಿಗೂ ಹೇಳದೆ ಒಬ್ಬ ಗೆಳೆಯನ ಜೊತೆ ಅಮೆರಿಕದ ದಾರಿ ಹಿಡಿದ.

ಮುಂದಿನದು ಹೊಸಬನ ಪಾಡು. ಕೈಯಲ್ಲಿದ್ದ ದುಡ್ಡಿಗೆ ಚಹಾ ಕೊಂಡುಕೊಂಡು ಬಂದಿದ್ದರು, ಬಾಸ್ಟನ್ನಿನಲ್ಲಿ ಮಾರಿ ಲಾಭ ಮಾಡುವ ಆಸೆಯಿಂದ. ಯುದ್ಧದ ನಡುವೆ ಕೊಳ್ಳುವವರಿಲ್ಲ. ವ್ಯಾಪಾರ ಹುಡುಕಿಕೊಂಡು ಉತ್ತರದ ಮೇಯ್ನ್ ಕಡಲತಡಿಯ ಮಚಾಯಸ್ ಎಂಬ ಹಳ್ಳಿಗೆ ಹೋಗಿ ಅಲ್ಲಿನ ಚಳಿಗಾಲವನ್ನು ಕಳೆದರು. ಗಿಟ್ಟಿದ್ದು ಹೆಚ್ಚೇನಿಲ್ಲ. ಆದರೆ ಗ್ಯಾಲಟಿನ್ ಗಡಿ ಕಾಯುವ ಸ್ವಯಂಸೇವಕರ ಜೊತೆ ಹೋಗಿ ಬಂದ, ಅವರಿಗಾಗಿ ಕೈಯಿಂದ ಹಣವನ್ನೂ ಹಾಕಿದ. ಹದಿಮೂರು ವರ್ಷಗಳ ನಂತರ ಸೆನೆಟ್ಟಿನ ಮುಂದೆ ಈ ಸಣ್ಣ ಸಂಗತಿಯನ್ನೇ ಎತ್ತಿ ಹೇಳಬೇಕಾಗಿ ಬಂತು. 1782ರಲ್ಲಿ ಹಾರ್ವರ್ಡ್‌ನಲ್ಲಿ ಫ್ರೆಂಚ್ ಪಾಠ ಹೇಳಿದ. ಆಮೇಲೆ ಪಶ್ಚಿಮದ ಭೂಮಿಯ ಹುಚ್ಚು ಹತ್ತಿತು. ಪೆನ್ಸಿಲ್ವೇನಿಯಾದ ನೈಋತ್ಯ ಮೂಲೆಯಲ್ಲಿ ಮೊನೊಂಗಹೇಲಾ ನದಿಯ ದಂಡೆಯ ಮೇಲೆ ಜಮೀನು ಕೊಂಡು, ಅದಕ್ಕೆ ಫ್ರೆಂಡ್‌ಶಿಪ್ ಹಿಲ್ ಎಂದು ಹೆಸರಿಟ್ಟು, ಪಕ್ಕದಲ್ಲೇ 'ನ್ಯೂ ಜಿನೀವಾ' ಎಂಬ ಊರು ಕಟ್ಟಹೊರಟ. 1785ರ ಅಕ್ಟೋಬರ್‌ನಲ್ಲಿ ವರ್ಜೀನಿಯಾ ರಾಜ್ಯದ ಮುಂದೆ ನಿಷ್ಠೆಯ ಪ್ರಮಾಣ ಮಾಡಿದ. ಈ ತಿಂಗಳು, ಈ ವರ್ಷ ನೆನಪಿರಲಿ. 1789ರಲ್ಲಿ ಸೋಫಿಯಾ ಎಂಬಾಕೆಯನ್ನು ಮದುವೆಯಾದ, ಆಕೆ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ದುಃಖದಲ್ಲಿದ್ದವನನ್ನು ನೆರೆಹೊರೆಯವರು ರಾಜ್ಯದ ಶಾಸನಸಭೆಗೆ ಕಳಿಸಿದರು. ಅಲ್ಲಿ ಸಮಿತಿಯ ಕೆಲಸಗಳೆಲ್ಲ ಇವನ ಮೇಲೇ ಬಿದ್ದವು, ಯಾಕೆಂದರೆ ಲೆಕ್ಕಪತ್ರವನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಇದ್ದವರು ಅಂಥ ಸಭೆಗಳಲ್ಲಿ ಯಾವ ಕಾಲಕ್ಕೂ ಕಡಿಮೆಯೇ.

1793ರಲ್ಲಿ ಪೆನ್ಸಿಲ್ವೇನಿಯಾದ ಶಾಸನಸಭೆ ಇವನನ್ನು ಅಮೆರಿಕದ ಸೆನೆಟ್ಟಿಗೆ ಆರಿಸಿತು. ಆಗ ಸೆನೆಟರುಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ನಮ್ಮ ರಾಜ್ಯಸಭೆಯ ಹಾಗೆ ಶಾಸಕರು ಆರಿಸುತ್ತಿದ್ದರು. ತನಗೆ ಅರ್ಹತೆ ಇದೆಯೋ ಇಲ್ಲವೋ ಎಂಬ ಅನುಮಾನವನ್ನು ಗ್ಯಾಲಟಿನ್ ತಾನೇ ಮುಂಚಿತವಾಗಿ ಹೇಳಿದ್ದ. ಶಾಸಕರು ಲಕ್ಷ್ಯ ಕೊಡಲಿಲ್ಲ. ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅಧಿವೇಶನ ಶುರುವಾಗುತ್ತಿದ್ದಂತೆ ಒಂದು ತಕರಾರು ಅರ್ಜಿ ಬಂತು: ಈತ 9 ವರ್ಷದ ಪೌರನಲ್ಲ. 1785ರ ಅಕ್ಟೋಬರ್‌ನಿಂದ ಎಣಿಸಿದರೆ ಕೊರತೆ ಒಂದು ವರ್ಷಕ್ಕೂ ಕಡಿಮೆ, ಆದರೆ ಕೊರತೆ ಕೊರತೆಯೇ. ಗ್ಯಾಲಟಿನ್‌ನ ವಾದ ಬೇರೆ ಇತ್ತು. ನಾನು ಬಂದದ್ದು 1780ರಲ್ಲಿ, ಯುದ್ಧ ನಡೆಯುತ್ತಿದ್ದಾಗ. ಆಗ ಅಮೆರಿಕದ ಪೌರ ಎಂಬ ಕಾಗದವೇ ಇರಲಿಲ್ಲ. ನಿಮ್ಮಲ್ಲಿ ಹೆಚ್ಚಿನವರು ಕಾಗದದ ಪ್ರಕಾರ ಬ್ರಿಟನ್ನಿನ ಪ್ರಜೆಗಳಾಗಿಯೇ ಹುಟ್ಟಿದವರು. ಈ ನೆಲದ ಪರವಾಗಿ ನಿಂತವರೆಲ್ಲ ಪೌರರಾದರು ಎಂದಾದರೆ ನಾನೂ ಆದೆ. ಇದು ಅವನ ಮಾತಿನ ತಿರುಳು. ಈ ಪ್ರಕರಣ ಎಷ್ಟು ಕುತೂಹಲ ಹುಟ್ಟಿಸಿತೆಂದರೆ, ಅಲ್ಲಿಯವರೆಗೆ ಬಾಗಿಲು ಮುಚ್ಚಿಕೊಂಡು ಚರ್ಚೆ ಮಾಡುತ್ತಿದ್ದ ಸೆನೆಟ್ ಇದಕ್ಕಾಗಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. 1794ರ ಫೆಬ್ರವರಿ 28ರಂದು ಮತ ಹಾಕಿದರು. 14 ಮಂದಿ ವಿರುದ್ಧ, 12 ಮಂದಿ ಪರ. ಎರಡು ಮತದಿಂದ ಅವನು ಸೆನೆಟರ್ ಅಲ್ಲದವನಾದ.

ಕುರ್ಚಿಯಲ್ಲಿದ್ದದ್ದು ಮೂರು ತಿಂಗಳೂ ಅಲ್ಲ. ಅಷ್ಟರಲ್ಲಿ ಅವನು ಒಂದು ಕೆಲಸ ಮಾಡಿದ್ದ. ಖಜಾನೆಯ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೆ, ಸರ್ಕಾರದ ಸಾಲ ಎಷ್ಟು, ಯಾವ ಬಗೆಯದು, ಯಾವ ಬಾಬತ್ತಿಗೆ ಮಂಜೂರಾದ ಹಣ ಎಲ್ಲಿ ಖರ್ಚಾಯಿತು ಎಂದು ವಿವರವಾದ ಲೆಕ್ಕ ಕೊಡಬೇಕೆಂದು ಗೊತ್ತುವಳಿ ತಂದಿದ್ದ. ಹ್ಯಾಮಿಲ್ಟನ್‌ಗೆ ಸಿಟ್ಟು ಬಂತು. ಇಂಥ ಬೇಡಿಕೆಗಳಿಂದ ಇಲಾಖೆಯ ಮಾಮೂಲಿ ಕೆಲಸವೇ ಕೆಡುತ್ತಿದೆ ಎಂದು ಸೆನೆಟ್ಟಿಗೆ ಬರೆದ. ಲೆಕ್ಕ ಕೇಳಿದ್ದಕ್ಕೇ ಅವನನ್ನು ಹೊರಹಾಕಿದರು ಎಂದು ಬರೆದುಬಿಟ್ಟರೆ ಕಥೆಗೆ ರಂಗು ಬರುತ್ತದೆ. ಆದರೆ ಹಾಗೆ ಬರೆಯಲಾರೆ. ಅರ್ಜಿ ಬಂದದ್ದು ಮೊದಲು, ಲೆಕ್ಕ ಕೇಳಿದ್ದು ಆಮೇಲೆ. ನಿಯಮವೂ ಸಂವಿಧಾನದಲ್ಲಿ ಸ್ಪಷ್ಟವಾಗಿಯೇ ಇತ್ತು. ನನಗೆ ಕಾಣುವುದು ಇಷ್ಟು: ಪೌರತ್ವವನ್ನು ಎಂದಿನಿಂದ ಎಣಿಸಬೇಕು ಎಂಬ, ಎರಡು ಅರ್ಥಕ್ಕೂ ಜಾಗವಿದ್ದ ಪ್ರಶ್ನೆ ಪಕ್ಷದ ಗೆರೆಯ ಮೇಲೆ ಸೀಳಿತು. ಹ್ಯಾಮಿಲ್ಟನ್ ಪಕ್ಷದವರಿಗೆ ಒಂಬತ್ತು ವರ್ಷದ ನಿಯಮ ಬಹಳ ಪವಿತ್ರವಾಗಿ ಕಂಡಿತು, ಎದುರಿನವರಿಗೆ ಅಷ್ಟೊಂದು ಅಲ್ಲ. ಮುಂದಿನ ಮೂವತ್ತು ವರ್ಷ ಗ್ಯಾಲಟಿನ್ ಯಾವಾಗ ಯಾರ ದಾರಿಗೆ ಅಡ್ಡ ಬಂದರೂ ಮೊದಲು ಎದ್ದ ಮಾತು ಅವನ ಹುಟ್ಟೂರಿನದು. ಅಂದ ಹಾಗೆ ಹ್ಯಾಮಿಲ್ಟನ್ ಹುಟ್ಟಿದ್ದೂ ಅಮೆರಿಕದಲ್ಲಲ್ಲ, ಕೆರಿಬಿಯನ್ ಸಮುದ್ರದ ನೆವಿಸ್ ದ್ವೀಪದಲ್ಲಿ. ಅವನ ಮಾತಿನಲ್ಲಿ ಫ್ರೆಂಚ್ ಧಾಟಿ ಇರಲಿಲ್ಲ, ಗ್ಯಾಲಟಿನ್ ಮಾತಿನಲ್ಲಿ ಇತ್ತು. ಸಾಯುವವರೆಗೂ ಹೋಗಲಿಲ್ಲ.

ಊರಿಗೆ ವಾಪಸಾದವನಿಗೆ ಅದೇ ವರ್ಷ ಇನ್ನೂ ದೊಡ್ಡ ಪರೀಕ್ಷೆ ಕಾದಿತ್ತು. ಹ್ಯಾಮಿಲ್ಟನ್ 1791ರಲ್ಲಿ ವಿಸ್ಕಿಯ ಮೇಲೆ ಅಬಕಾರಿ ತೆರಿಗೆ ಹಾಕಿಸಿದ್ದ. ಅಲೆಘೆನಿ ಬೆಟ್ಟಗಳ ಆಚೆಯ ರೈತರಿಗೆ ವಿಸ್ಕಿ ಎಂದರೆ ಮೋಜಿನ ಪದಾರ್ಥವಲ್ಲ. ಧಾನ್ಯದ ಮೂಟೆಗಳನ್ನು ಕುದುರೆಯ ಮೇಲೆ ಹೇರಿ ಬೆಟ್ಟ ದಾಟಿಸಿದರೆ ಸಾಗಣೆಯ ಖರ್ಚಿಗೇ ಸಾಲದು, ಅದನ್ನೇ ಭಟ್ಟಿ ಇಳಿಸಿದರೆ ಹೊರೆ ಹಗುರ, ಬೆಲೆ ಹೆಚ್ಚು. ನಗದು ಕಾಣದ ಆ ಸೀಮೆಯಲ್ಲಿ ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು. ತೆರಿಗೆಯನ್ನು ಮಾತ್ರ ನಗದಿನಲ್ಲೇ ಕಟ್ಟಬೇಕು. ತಪ್ಪಿದರೆ ವಿಚಾರಣೆಗೆ ದೂರದ ಫಿಲಡೆಲ್ಫಿಯಾಕ್ಕೆ ಹೋಗಬೇಕು. ಗ್ಯಾಲಟಿನ್ ಈ ತೆರಿಗೆಯ ವಿರೋಧಿಯೇ. 1792ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಸಭೆಗೆ ಅವನೇ ಕಾರ್ಯದರ್ಶಿ. ತೆರಿಗೆ ವಸೂಲಿಗೆ ಬರುವವರ ಜೊತೆ ಹುಕ್ಕಾ ನೀರು ಬಂದ್ ಮಾಡಬೇಕೆಂಬಂಥ ಬಿರುಸಿನ ನಿರ್ಣಯಕ್ಕೆ ಅಲ್ಲಿ ಅವನ ಸಹಿ ಬಿತ್ತು. ಅದು ತನ್ನ ರಾಜಕೀಯ ಜೀವನದ ಒಂದೇ ಒಂದು ಪಾಪ ಎಂದು ಆಮೇಲೆ ಶಾಸನಸಭೆಯಲ್ಲೇ ಒಪ್ಪಿಕೊಂಡ.

1794ರ ಜುಲೈನಲ್ಲಿ ತೆರಿಗೆ ಅಧಿಕಾರಿ ಜಾನ್ ನೆವಿಲ್‌ನ ಮನೆಗೆ ಬೆಂಕಿ ಬಿತ್ತು, ಹೆಣಗಳೂ ಬಿದ್ದವು. ಆಗಸ್ಟ್ ಮೊದಲಲ್ಲಿ ಸಾವಿರಾರು ಜನ ಬಂದೂಕು ಹಿಡಿದು ಪಿಟ್ಸ್‌ಬರ್ಗ್ ಹತ್ತಿರ ಸೇರಿದರು. ಈ ಕಡೆ ಅಧ್ಯಕ್ಷ ವಾಷಿಂಗ್ಟನ್ ಸೈನ್ಯ ಕೂಡಿಸುತ್ತಿದ್ದ. ಆ ತಿಂಗಳ ಕೊನೆಗೆ ಬ್ರೌನ್ಸ್‌ವಿಲ್‌ನಲ್ಲಿ ಅರವತ್ತು ಮಂದಿಯ ಸಮಿತಿ ಕೂತಿತು: ಸರ್ಕಾರಕ್ಕೆ ತಲೆಬಾಗುವುದೋ, ಕಾದಾಡುವುದೋ? ಸುತ್ತ ಬಂದೂಕು ಹಿಡಿದ ಜನ. ಅವರ ಮುಂದೆ ಎದ್ದು ನಿಂತು ಬೇಡ, ಇದು ನಿಲ್ಲಲಿ ಎಂದು ಗಂಟೆಗಟ್ಟಲೆ ಮಾತಾಡಿದವನು ಗ್ಯಾಲಟಿನ್, ತನ್ನ ಫ್ರೆಂಚ್ ಧಾಟಿಯ ಇಂಗ್ಲಿಷಿನಲ್ಲಿ. ಬಹಿರಂಗವಾಗಿ ಕೈ ಎತ್ತಲು ಎಲ್ಲರಿಗೂ ಜೀವಭಯ. ಕೊನೆಗೆ ಚೀಟಿಯಲ್ಲಿ ಗುಟ್ಟಾಗಿ ಮತ ಹಾಕುವುದೆಂದಾಯಿತು. ಶಾಂತಿಗೆ 34, ವಿರುದ್ಧ 23. ಹೊರಗೆ ಗದ್ದಲ ಮಾಡುತ್ತಿದ್ದವರಿಗಿಂತ ಒಳಗೆ ತೆಪ್ಪಗೆ ಇದ್ದವರು ಹೆಚ್ಚು ಎಂದು ಆ ಚೀಟಿಗಳಿಂದ ಗೊತ್ತಾಯಿತು. ಹನ್ನೆರಡು ಹದಿಮೂರು ಸಾವಿರ ಸಿಪಾಯಿಗಳ ಸೈನ್ಯ ಬೆಟ್ಟ ದಾಟಿ ಬರುವ ಹೊತ್ತಿಗೆ ಎದುರು ನಿಲ್ಲಲು ಯಾರೂ ಇರಲಿಲ್ಲ. ಸೈನ್ಯದ ಜೊತೆ ಬಂದ ಹ್ಯಾಮಿಲ್ಟನ್ ಗ್ಯಾಲಟಿನ್‌ನನ್ನು ಸಿಕ್ಕಿಸುವಂಥ ಸಾಕ್ಷಿಗಾಗಿ ಸಿಕ್ಕಿದವರನ್ನೆಲ್ಲ ಕೆದಕಿ ಕೇಳಿದ. ಸಿಗಲಿಲ್ಲ. ಅವನ ಇಡೀ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ಬ್ರೌನ್ಸ್‌ವಿಲ್ ಪ್ರಸಂಗ. ತನ್ನ ಕಡೆಯವರಿಗೇ ತಪ್ಪು ಎಂದು ಹೇಳುವುದು ಎದುರಾಳಿಯ ಲೆಕ್ಕ ಕೇಳುವುದಕ್ಕಿಂತ ಎಷ್ಟೋ ಕಷ್ಟ.

ಆ ಅಕ್ಟೋಬರ್‌ನಲ್ಲಿ ಅವನು ನಿಲ್ಲದಿದ್ದರೂ, ತಾನು ವಾಸವೇ ಇಲ್ಲದ ಪಕ್ಕದ ಕ್ಷೇತ್ರದ ಜನ ಅವನನ್ನು ಪ್ರತಿನಿಧಿ ಸಭೆಗೆ ಆರಿಸಿದರು. ಅಲ್ಲಿ 7 ವರ್ಷ ಸಾಕು, ಅವನಿಗೆ ಆಗಲೇ ಒಂಬತ್ತು ತುಂಬಿತ್ತು. ಆದಾಯ ವೆಚ್ಚವನ್ನು ಪರಿಶೀಲಿಸುವ ಸಮಿತಿಯೊಂದು ಸಭೆಗೇ ಇರಬೇಕು, ಎಲ್ಲವನ್ನೂ ಖಜಾನೆಯ ಮಾತಿಗೆ ಬಿಡಬಾರದು ಎಂದು 1795ರಲ್ಲಿ ಪಟ್ಟು ಹಿಡಿದು ಮಾಡಿಸಿದ. ವೇಸ್ ಅಂಡ್ ಮೀನ್ಸ್ ಸಮಿತಿ ಎಂದು ಇವತ್ತಿಗೂ ತೆರಿಗೆಯ ಸುದ್ದಿಯಲ್ಲಿ ಕೇಳುತ್ತೇವಲ್ಲ, ಅದರ ಬೇರು ಅಲ್ಲಿದೆ. 1798ರಲ್ಲಿ ಫ್ರಾನ್ಸ್ ಜೊತೆ ಯುದ್ಧದ ಗಾಳಿ ಎದ್ದಾಗ ಹ್ಯಾಮಿಲ್ಟನ್‌ನ ಫೆಡರಲಿಸ್ಟ್ ಪಕ್ಷ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 14 ವರ್ಷಕ್ಕೆ ಏರಿಸಿತು, ವಿದೇಶಿಯರನ್ನು ಗಡೀಪಾರು ಮಾಡುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತು, ಸರ್ಕಾರವನ್ನು ಟೀಕಿಸುವ ಪತ್ರಿಕೆಗಳಿಗೆ ಜೈಲಿನ ಕಾನೂನು ತಂದಿತು. ಹೊರಗೆ ಹುಟ್ಟಿದವರು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೇ ಬರಬಾರದೆಂಬ ತಿದ್ದುಪಡಿಯ ಮಾತೂ ಎದ್ದಿತು. ಅದರ ಗುರಿ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆಗ ವಿರೋಧ ಪಕ್ಷದ ನಾಯಕ ಗ್ಯಾಲಟಿನ್ನೇ. ಏರು ದನಿಯಿಲ್ಲದೆ, ಒಂದೊಂದು ಕಲಮಿಗೂ ಸಂವಿಧಾನ ತೆರೆದು ತೋರಿಸುತ್ತಾ ವಾದ ಮಾಡಿದ. ಸೋತ. ಆದರೆ 1800ರ ಚುನಾವಣೆಯಲ್ಲಿ ಸೋತದ್ದು ಆ ಕಾನೂನು ಮಾಡಿದವರು.

ಜೆಫರ್ಸನ್ ಅಧ್ಯಕ್ಷನಾದ, ಗ್ಯಾಲಟಿನ್ ಖಜಾನೆಯ ಕಾರ್ಯದರ್ಶಿಯಾದ, ಅಂದರೆ ನಮ್ಮ ಅರ್ಥ ಸಚಿವ. 1801ರ ಮೇ ತಿಂಗಳಿನಿಂದ 1814ರ ಫೆಬ್ರವರಿಯವರೆಗೆ ಆ ಹುದ್ದೆಯಲ್ಲಿದ್ದ. ಅಷ್ಟು ದೀರ್ಘಕಾಲ ಅಲ್ಲಿ ಕೂತವರು ಅಮೆರಿಕದಲ್ಲಿ ಇವತ್ತಿಗೂ ಇನ್ನೊಬ್ಬರಿಲ್ಲ. ಹ್ಯಾಮಿಲ್ಟನ್ ಮಾಡಿದ ಅಕ್ರಮ ಹುಡುಕು ಎಂದು ಜೆಫರ್ಸನ್ ಹೇಳಿದ್ದನೆಂದೂ, ಗ್ಯಾಲಟಿನ್ ಎಲ್ಲ ಕಡತ ತಿರುವಿ ತಪ್ಪೇ ಇಲ್ಲ ಎಂದನೆಂದೂ ಒಂದು ಕಥೆ ಇದೆ. ಅದನ್ನು ಬರೆದಿಟ್ಟವನು ಹ್ಯಾಮಿಲ್ಟನ್‌ನ ಮಗ. ಅಪ್ಪನ ಬಗ್ಗೆ ಮಗ ಹೇಳಿದ ಮಾತಿಗೆ ಎಷ್ಟು ತೂಕವೋ ಅಷ್ಟೇ ಕೊಡಿ.

ಆಗ ದೇಶದ ಸಾಲ 8 ಕೋಟಿ 30 ಲಕ್ಷ ಡಾಲರ್, ವರ್ಷದ ಆದಾಯ ಕೋಟಿಯ ಆಸುಪಾಸು. ಹ್ಯಾಮಿಲ್ಟನ್‌ನ ದೃಷ್ಟಿಯಲ್ಲಿ ಅಳತೆಯಲ್ಲಿರುವ ಸಾಲ ಒಳ್ಳೆಯದೇ. ಸರ್ಕಾರಕ್ಕೆ ಸಾಲ ಕೊಟ್ಟ ಸಾಹುಕಾರರು ಆ ಸರ್ಕಾರ ಉಳಿಯಲಿ ಎಂದು ಬಯಸುತ್ತಾರೆ. ಗ್ಯಾಲಟಿನ್‌ಗೆ ಅದು ಒಪ್ಪಿಗೆ ಇಲ್ಲ. ಬಡ್ಡಿಯ ಹಣ ರೈತನ ಜೇಬಿನಿಂದ ಸಾಲಪತ್ರ ಇಟ್ಟುಕೊಂಡವನ ಜೇಬಿಗೆ ಹೋಗುತ್ತದೆ, ಜೊತೆಗೆ ಸುಲಭವಾಗಿ ಸಾಲ ಸಿಗುವ ಸರ್ಕಾರ ಸುಲಭವಾಗಿ ಯುದ್ಧಕ್ಕೂ ಹೋಗುತ್ತದೆ ಎಂಬುದು ಅವನ ಲೆಕ್ಕ. ಅವನ ಉಪಾಯ ಏನೂ ಮಾಯಮಂತ್ರದ್ದಲ್ಲ. ಸಂಬಳ ಬಂದ ದಿನವೇ ಸಾಲದ ಕಂತನ್ನು ತೆಗೆದಿಟ್ಟು, ಉಳಿದದ್ದರಲ್ಲಿ ಮನೆ ನಡೆಸುವ ಗೃಹಿಣಿಯ ಕ್ರಮ ಅದು. ವರ್ಷಕ್ಕೆ 73 ಲಕ್ಷ ಡಾಲರ್ ಸಾಲಕ್ಕೆಂದು ಮೊದಲೇ ಎತ್ತಿಡುವುದು. ಮೊದಮೊದಲು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುತ್ತದೆ. ಅಸಲು ಕರಗಿದಂತೆ ಬಡ್ಡಿ ಇಳಿಯುತ್ತದೆ, ಕಂತು ಮಾತ್ರ ಅಷ್ಟೇ ಇರುವುದರಿಂದ ಅಸಲಿಗೆ ಸೇರುವ ಪಾಲು ವರ್ಷ ವರ್ಷ ಬೆಳೆಯುತ್ತದೆ. ಗೃಹಸಾಲದ ಕಂತು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಿನಾರು ವರ್ಷದಲ್ಲಿ ಪೂರ್ತಿ ತೀರುತ್ತದೆಂದು ಅವನ ಅಂದಾಜು. ಸೈನ್ಯ, ನೌಕಾಪಡೆ, ಸಂಬಳ ಸಾರಿಗೆ ಎಲ್ಲ ಸೇರಿ ಮಿಕ್ಕ ಇಪ್ಪತ್ತಾರು ಲಕ್ಷ ಚಿಲ್ಲರೆಯಲ್ಲಿ ಆಗಬೇಕು. ಈ ಬಿಗಿಯ ನಡುವೆಯೂ 1802ರಲ್ಲಿ ವಿಸ್ಕಿ ತೆರಿಗೆಯನ್ನು ತೆಗೆದುಹಾಕಿದರು.

ಜೆಫರ್ಸನ್‌ಗೆ ಇನ್ನೊಂದು ಆಸೆ ಇತ್ತು: ದೇಶದ ಲೆಕ್ಕ ವ್ಯಾಪಾರಿಯ ಖಾತೆಪುಸ್ತಕದಷ್ಟು ಸರಳವಾಗಿರಬೇಕು, ಯಾವ ಸದಸ್ಯ ನೋಡಿದರೂ ತಿಳಿಯಬೇಕು. ಗ್ಯಾಲಟಿನ್ ವರ್ಷ ವರ್ಷ ವರದಿ ಕೊಟ್ಟ, ಒಂದು ಬಾಬತ್ತಿಗೆ ಮಂಜೂರಾದ ಹಣ ಇನ್ನೊಂದಕ್ಕೆ ಹರಿಯಬಾರದೆಂದು ಪಟ್ಟು ಹಿಡಿದ. ಎದುರು ಪಕ್ಷದಲ್ಲಿದ್ದಾಗ ಕೇಳಿದ ಲೆಕ್ಕವನ್ನು ಅಧಿಕಾರ ಸಿಕ್ಕ ಮೇಲೆ ತಾನೇ ಕೊಟ್ಟ ರಾಜಕಾರಣಿ ನನಗೆ ತಿಳಿದ ಮಟ್ಟಿಗೆ ಅಪರೂಪ.

1803ರಲ್ಲಿ ನೆಪೋಲಿಯನ್ ಇದ್ದಕ್ಕಿದ್ದಂತೆ ಲೂಸಿಯಾನಾವನ್ನು ಮಾರುತ್ತೇನೆ ಎಂದ. ಮಿಸಿಸಿಪ್ಪಿ ನದಿಯಿಂದ ರಾಕಿ ಪರ್ವತದವರೆಗಿನ ಸೀಮೆ, ಬೆಲೆ 1 ಕೋಟಿ 50 ಲಕ್ಷ ಡಾಲರ್. ಹೊಸ ನೆಲ ಕೊಳ್ಳುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಎಂದು ಜೆಫರ್ಸನ್ ತಲೆ ಕೆಡಿಸಿಕೊಂಡಿದ್ದ. ಸ್ವತಂತ್ರ ದೇಶಕ್ಕೆ ಆ ಹಕ್ಕು ಹುಟ್ಟಿನಿಂದಲೇ ಇದೆ ಎಂದು ಗ್ಯಾಲಟಿನ್ ಮೊದಲೇ ಬರೆದು ಧೈರ್ಯ ಹೇಳಿದ್ದ. ಹಣವನ್ನೂ ಅವನೇ ಹೊಂದಿಸಿದ. 1 ಕೋಟಿ 12 ಲಕ್ಷದ 50 ಸಾವಿರಕ್ಕೆ ಶೇ. 6ರ ಬಡ್ಡಿಯ ಸಾಲಪತ್ರ, ಉಳಿದದ್ದು ಫ್ರಾನ್ಸ್ ಮೇಲೆ ಅಮೆರಿಕದ ವ್ಯಾಪಾರಿಗಳಿಗಿದ್ದ ಬಾಕಿಯ ತೀರುವಳಿ. ಲಂಡನ್ನಿನ ಬೇರಿಂಗ್ ಮತ್ತು ಆಮ್‌ಸ್ಟರ್‌ಡಾಮ್‌ನ ಹೋಪ್ ಎಂಬ ಸಾಹುಕಾರಿ ಮನೆಗಳು ಆ ಪತ್ರಗಳನ್ನು ಕೊಂಡು ನೆಪೋಲಿಯನ್‌ಗೆ ನಗದು ಕೊಟ್ಟವು. ಬ್ರಿಟನ್ನಿನ ಮೇಲೆ ಯುದ್ಧ ಹೂಡಿದ್ದವನಿಗೆ ಲಂಡನ್ನಿನ ಹಣ! ಇಷ್ಟು ಹೊಸ ಸಾಲ ಸೇರಿದ ಮೇಲೂ 1812ರ ಹೊತ್ತಿಗೆ ಒಟ್ಟು ಸಾಲ 4 ಕೋಟಿ 50 ಲಕ್ಷಕ್ಕೆ ಇಳಿದಿತ್ತು. ಆ ಹೊಸ ಸೀಮೆಯನ್ನು ನೋಡಲು ಹೋದ ಲೂಯಿಸ್ ಮತ್ತು ಕ್ಲಾರ್ಕ್ 1805ರಲ್ಲಿ ಮಿಸೂರಿ ನದಿಯ ಮೂಲದ ಮೂರು ಕವಲುಗಳಿಗೆ ಜೆಫರ್ಸನ್, (ಆಗಿನ ವಿದೇಶಾಂಗ ಮಂತ್ರಿ) ಮ್ಯಾಡಿಸನ್, ಗ್ಯಾಲಟಿನ್ ಎಂದು ಹೆಸರಿಟ್ಟರು. ಅಲ್ಲಿ ಆಗಲೇ ಬದುಕಿದ್ದ ಜನರಿಗೆ ಆ ನದಿಗಳಿಗೆ ತಮ್ಮದೇ ಹೆಸರುಗಳಿದ್ದವು ಎಂಬುದನ್ನೂ ಹೇಳಬೇಕು. ಸಾಲ ತೀರಿಸಲು ನೆಚ್ಚಿಕೊಂಡಿದ್ದ ಆದಾಯದಲ್ಲಿ ಸರ್ಕಾರಿ ಭೂಮಿ ಮಾರಿದ ಹಣವೂ ಇತ್ತು. ಆ ಭೂಮಿ ಮೊದಲು ಯಾರದಾಗಿತ್ತು ಎಂಬ ಕಾಲಂ ಅವನ ಖಾತೆಪುಸ್ತಕದಲ್ಲಿ ಇರಲಿಲ್ಲ.

ಇಳಿಯುವ ಅಂಕಿ ನೋಡಿ ಮರುಳಾಗಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆ ಮಿತವ್ಯಯಕ್ಕೆ ಒಂದು ಬೆಲೆ ಇತ್ತು. 1807ರಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ಅಮೆರಿಕದ ಹಡಗುಗಳನ್ನು ಕಾಡತೊಡಗಿದಾಗ ಜೆಫರ್ಸನ್ ಎಲ್ಲ ವಿದೇಶಿ ವ್ಯಾಪಾರಕ್ಕೂ ತಡೆ ಹಾಕಿದ. ಇಂಥ ನಿಷೇಧದಿಂದ ಎಣಿಸಿದ್ದಕ್ಕಿಂತ ಹೆಚ್ಚು ಕೇಡಾಗುತ್ತದೆ ಎಂದು ಗ್ಯಾಲಟಿನ್ ಎಚ್ಚರಿಸಿದ. ಆದರೂ ಜಾರಿ ಮಾಡುವ ಕೆಲಸ ಅವನ ಇಲಾಖೆಗೇ ಬಿತ್ತು, ಮಾಡಿದ. ಕಳ್ಳಸಾಗಣೆ ಬೆಳೆಯಿತು, ಸುಂಕದ ಆದಾಯ ಕುಸಿಯಿತು. 1811ರಲ್ಲಿ ಹ್ಯಾಮಿಲ್ಟನ್ ಕಟ್ಟಿದ್ದ ರಾಷ್ಟ್ರೀಯ ಬ್ಯಾಂಕಿನ ಸನ್ನದು ಮುಗಿಯುವುದರಲ್ಲಿತ್ತು. ಹತ್ತು ವರ್ಷ ಆ ಬ್ಯಾಂಕಿನ ಜೊತೆ ವ್ಯವಹರಿಸಿದ್ದ ಗ್ಯಾಲಟಿನ್ ಅದು ಬೇಕೇಬೇಕು ಎಂದ. ಅವನ ಪಕ್ಷದವರೇ ತಿರುಗಿಬಿದ್ದರು. ಬ್ಯಾಂಕಿನ 25,000 ಷೇರುಗಳಲ್ಲಿ ಸುಮಾರು 18,000 ವಿದೇಶಿಯರ ಕೈಯಲ್ಲಿವೆ ಎಂಬ ಕೂಗು ಎದ್ದಿತು. ಆ ವಿದೇಶಿಯರಿಗೆ ಬ್ಯಾಂಕಿನ ಆಡಳಿತದಲ್ಲಿ ಮತವೇ ಇರಲಿಲ್ಲ ಎಂಬುದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ವಿದೇಶಿ ಷೇರು, ವಿದೇಶಿ ಮಂತ್ರಿ, ಎರಡನ್ನೂ ಒಂದೇ ಉಸಿರಿನಲ್ಲಿ ಬೈಯಲು ಪತ್ರಿಕೆಗಳಿಗೆ ಅನುಕೂಲವಾಯಿತು. ಪ್ರತಿನಿಧಿ ಸಭೆಯಲ್ಲಿ ಬ್ಯಾಂಕಿನ ವಿರುದ್ಧ 65, ಪರ 64. ಸೆನೆಟ್ಟಿನಲ್ಲಿ 17ಕ್ಕೆ 17, ಉಪಾಧ್ಯಕ್ಷ ಜಾರ್ಜ್ ಕ್ಲಿಂಟನ್ ವಿರುದ್ಧವಾಗಿ ಮತ ಹಾಕಿದ. ಬ್ಯಾಂಕ್ ಮುಚ್ಚಿತು. ಮರುವರ್ಷವೇ ಬ್ರಿಟನ್ ಮೇಲೆ ಯುದ್ಧ ಸಾರಿದರು. ಬ್ಯಾಂಕ್ ಇಲ್ಲ, ಸಿದ್ಧ ಸೈನ್ಯ ಇಲ್ಲ, ತೆರಿಗೆಯ ಏರ್ಪಾಡೂ ಇಲ್ಲ. ಇದರಲ್ಲಿ ಒಂದು ಪಾಲು ಗ್ಯಾಲಟಿನ್‌ನ ಜಿಪುಣತನಕ್ಕೂ ಸೇರಬೇಕು.

1813ರಲ್ಲಿ 1 ಕೋಟಿ 60 ಲಕ್ಷದ ಸಾಲ ಎತ್ತಬೇಕಾಯಿತು, ಸಾಮಾನ್ಯ ಜನ ಮುಂದೆ ಬರಲಿಲ್ಲ. ಬಹುಪಾಲನ್ನು ಹೊತ್ತುಕೊಂಡವರು ಮೂವರು: ಸ್ಟೀಫನ್ ಜಿರಾರ್ಡ್, ಡೇವಿಡ್ ಪ್ಯಾರಿಶ್, ಜಾನ್ ಜೇಕಬ್ ಆಸ್ಟರ್. ಜಿರಾರ್ಡ್ ಫ್ರಾನ್ಸಿನ ಬೋರ್ಡೋದವನು, ಪ್ಯಾರಿಶ್ ಹ್ಯಾಂಬರ್ಗ್‌ನವನು, ಆಸ್ಟರ್ ಜರ್ಮನಿಯ ವಾಲ್‌ಡಾರ್ಫ್ ಎಂಬ ಊರಿನವನು. ಸಾಲ ಕೇಳಿದವನು ಜಿನೀವಾದವನು. ಆ ವರ್ಷ ಅಮೆರಿಕದ ಯುದ್ಧ ನಡೆದದ್ದು ಹೊರಗೆ ಹುಟ್ಟಿದ ನಾಲ್ವರ ನಡುವಿನ ನಂಬಿಕೆಯ ಮೇಲೆ ಎಂದರೆ ಅತಿಶಯವಲ್ಲ. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ನುಗ್ಗಿ ಶ್ವೇತಭವನವನ್ನೂ ಖಜಾನೆಯ ಕಟ್ಟಡವನ್ನೂ ಸುಟ್ಟರು. ಗ್ಯಾಲಟಿನ್ ಆಗ ಯುರೋಪಿನಲ್ಲಿದ್ದ, ಸಂಧಾನಕ್ಕಾಗಿ. ಬೆಲ್ಜಿಯಂನ ಘೆಂಟ್ ನಗರದಲ್ಲಿ ಬ್ರಿಟಿಷರಿಗಿಂತ ಹೆಚ್ಚಾಗಿ ತನ್ನ ಜೊತೆಗಾರರನ್ನು ಸಂಭಾಳಿಸುವುದೇ ಅವನಿಗೆ ಕೆಲಸವಾಯಿತು. ನಸುಕಿಗೇ ಏಳುವ ಜಾನ್ ಕ್ವಿನ್ಸಿ ಆಡಮ್ಸ್‌ಗೆ, ರಾತ್ರಿಯಿಡೀ ಇಸ್ಪೀಟಾಡಿ ಆಗತಾನೇ ಮಲಗಲು ಹೋಗುವ ಹೆನ್ರಿ ಕ್ಲೇಯ ಸದ್ದು ಕೇಳುತ್ತಿತ್ತಂತೆ. ಒಬ್ಬನಿಗೆ ತನ್ನ ಕಡಲತಡಿಯವರ ಮೀನುಗಾರಿಕೆಯ ಹಕ್ಕು ಬೇಕು, ಇನ್ನೊಬ್ಬನಿಗೆ ತನ್ನ ಸೀಮೆಯ ಮಿಸಿಸಿಪ್ಪಿ ನದಿ. ಇಬ್ಬರಿಗೂ ಸಮಾಧಾನ ಹೇಳಿ, ಕರಡು ತಿದ್ದಿ, ಡಿಸೆಂಬರ್ 24ಕ್ಕೆ ಒಪ್ಪಂದಕ್ಕೆ ಸಹಿ ಹಾಕಿಸಿದ. 1816ರಲ್ಲಿ ಸಾಲ 12 ಕೋಟಿ 70 ಲಕ್ಷಕ್ಕೆ ಏರಿತ್ತು. ಹನ್ನೊಂದು ವರ್ಷದ ದುಡಿಮೆ ಮೂರು ವರ್ಷದ ಯುದ್ಧದಲ್ಲಿ ಕೊಚ್ಚಿಹೋಯಿತು.

ಈಗ ಓದುಗರ ಪ್ರಶ್ನೆಯ ಕೊನೆಯ ಭಾಗ. ಪ್ಯಾರಿಸ್ಸಿನಲ್ಲಿ ಏಳು ವರ್ಷ ರಾಯಭಾರಿಯಾಗಿದ್ದು ವಾಪಸು ಬಂದವನನ್ನು 1824ರಲ್ಲಿ ಪಕ್ಷದ ಒಂದು ಬಣ ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಿತು. ಹೊರಗೆ ಹುಟ್ಟಿದವನಿಗೆ ಅರ್ಹತೆಯೇ ಇಲ್ಲ ಎಂದು ಮತ್ತೆ ಹಳೆಯ ರಾಗ. ಅದು ತಪ್ಪು. ಸಂವಿಧಾನದಲ್ಲಿ ಒಂದು ವಿನಾಯಿತಿ ಇತ್ತು: ಹುಟ್ಟಿನಿಂದ ಪೌರನಾಗಿರಬೇಕು, ಇಲ್ಲವೇ ಸಂವಿಧಾನವನ್ನು ಅಂಗೀಕರಿಸಿದ ಹೊತ್ತಿಗೆ ಪೌರನಾಗಿರಬೇಕು. ದೇಶವೇ ಆಗ ಹುಟ್ಟಿದ್ದರಿಂದ ಆ ವಿನಾಯಿತಿ ಇಲ್ಲದಿದ್ದರೆ ಮೊದಲ ಅಧ್ಯಕ್ಷನಾಗಲು ಯಾರೂ ಸಿಗುತ್ತಿರಲಿಲ್ಲ. 1785ರಲ್ಲೇ ಪ್ರಮಾಣ ಮಾಡಿದ್ದ ಗ್ಯಾಲಟಿನ್ ಅಧ್ಯಕ್ಷನಾಗಲೂ ಅರ್ಹ, ಹ್ಯಾಮಿಲ್ಟನ್ ಕೂಡ ಅರ್ಹನಿದ್ದ. ಆ ತಲೆಮಾರು ಕಣ್ಮುಚ್ಚಿದ ಮೇಲೆ ವಿನಾಯಿತಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ನಿಮ್ಮ ಮಗನಿಗೆ ಆ ಬಾಗಿಲು ಮುಚ್ಚಿದೆ, ಅಲ್ಲೇ ಹುಟ್ಟಿದ ಮೊಮ್ಮಗಳಿಗೆ ತೆರೆದಿದೆ. ಸೆನೆಟರ್, ರಾಜ್ಯಪಾಲ, ಮಂತ್ರಿ, ಇವೆಲ್ಲ ಮಗನಿಗೂ ಆಗಬಹುದು. ಗ್ಯಾಲಟಿನ್ ಮಾತ್ರ ಕಣದಿಂದ ಹಿಂದೆ ಸರಿದ. ಪಕ್ಷಕ್ಕೆ ಭಾರ ಎನಿಸಿದಾಗ ಎದ್ದುಹೋಗುವಂತೆ ಅವನಿಗೆ ಸೂಚನೆ ಹೋಗಿತ್ತು.

ಮುಂದೆ ನ್ಯೂಯಾರ್ಕ್‌ನಲ್ಲಿ ನೆಲೆಸಿದ. ಬೆಟ್ಟದಾಚೆಯ ಫ್ರೆಂಡ್‌ಶಿಪ್ ಹಿಲ್‌ನ ಹಳ್ಳಿಮನೆ ಎರಡನೇ ಹೆಂಡತಿ ಹ್ಯಾನಾಗೆ ಯಾವತ್ತೂ ಹಿಡಿಸಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಒಂದು ಬ್ಯಾಂಕಿನ ಅಧ್ಯಕ್ಷನಾದ, ನ್ಯೂಯಾರ್ಕ್ ವಿಶ್ವವಿದ್ಯಾಲಯ ಕಟ್ಟುವುದಕ್ಕೆ ಕೈಹಾಕಿದ. ಎಪ್ಪತ್ತು ದಾಟಿದ ಮೇಲೂ ಅಮೆರಿಕದ ಮೂಲನಿವಾಸಿಗಳ ಭಾಷೆಗಳ ಅಧ್ಯಯನಕ್ಕೆ ಕೂತ. ಶಬ್ದಪಟ್ಟಿಗಳನ್ನು ತರಿಸಿ, ಹೋಲಿಸಿ, ಯಾವ ಭಾಷೆ ಯಾವುದರ ದಾಯಾದಿ ಎಂದು ವಿಂಗಡಿಸಿ 1836ರಲ್ಲಿ ನಕ್ಷೆ ಸಮೇತ ಪ್ರಕಟಿಸಿದ. 1842ರಲ್ಲಿ ಅದಕ್ಕೆಂದೇ ಒಂದು ವಿದ್ವತ್ ಸಂಘವನ್ನೂ ಕಟ್ಟಿದ. ನನಗೆ ಇದು ಅವನ ರಾಜಕೀಯದಷ್ಟೇ ದೊಡ್ಡ ಕೆಲಸವಾಗಿ ಕಾಣುತ್ತದೆ, ಆದರೆ ಅದನ್ನು ಬಿಡಿಸಿ ಹೇಳಲು ಬೇರೆಯದೇ ಅಂಕಣ ಬೇಕು. 1849ರ ಆಗಸ್ಟ್ 12ರಂದು ತೀರಿಕೊಂಡ. ಮಣ್ಣು ಮಾಡಿದ್ದು ಟ್ರಿನಿಟಿ ಚರ್ಚಿನ ಆವರಣದಲ್ಲಿ, ಹ್ಯಾಮಿಲ್ಟನ್‌ನ ಸಮಾಧಿಯೂ ಅಲ್ಲೇ ಇದೆ. ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ಪಕ್ಕದ ಖಜಾನೆಯ ಕಟ್ಟಡಕ್ಕೆ ದಕ್ಷಿಣದಲ್ಲಿ ಹ್ಯಾಮಿಲ್ಟನ್ ಪ್ರತಿಮೆ, ಉತ್ತರದಲ್ಲಿ ಗ್ಯಾಲಟಿನ್ ಪ್ರತಿಮೆ. ಮಕ್ಕಳ ಮನೆಗೆ ಹೋದಾಗ ಫೋಟೊ ತೆಗೆಸಿಕೊಳ್ಳುವವರು ಎರಡು ಹೆಜ್ಜೆ ಆ ಕಡೆಗೂ ಹೋಗಿಬನ್ನಿ.

ಸಾಯುವ ಮುಂಚಿನ ಒಂದು ಸಂಗತಿ ಉಳಿಯಿತು. 1846ರಲ್ಲಿ ಅಮೆರಿಕ ಮೆಕ್ಸಿಕೊ ಮೇಲೆ ಯುದ್ಧಕ್ಕೆ ಹೋಯಿತು. ಎಂಬತ್ತಾರರ ಗ್ಯಾಲಟಿನ್ ಅದು ಅನ್ಯಾಯದ ಯುದ್ಧ ಎಂದು 1847ರಲ್ಲಿ ಕಿರುಹೊತ್ತಿಗೆ ಬರೆದು ಹಂಚಿಸಿದ. ಅಷ್ಟಕ್ಕೆ ತೃಪ್ತಿಯಾಗದೆ ಮರುವರ್ಷ ಇನ್ನೊಂದು ಬರೆದ. ಅದರಲ್ಲಿ ನ್ಯಾಯ ಅನ್ಯಾಯದ ಗೋಜಿಲ್ಲ, ಯುದ್ಧಕ್ಕೆ ಎಷ್ಟು ಖರ್ಚಾಯಿತು, ಇನ್ನೆಷ್ಟು ಆಗಲಿದೆ, ಆ ಹಣ ಎಲ್ಲಿಂದ ಬರಬೇಕು ಎಂಬ ಲೆಕ್ಕ. ಅದೇ ವರ್ಷ ಒಪ್ಪಂದವಾಗಿ, ಕ್ಯಾಲಿಫೋರ್ನಿಯಾ ಸೇರಿದಂತೆ ಗೆದ್ದುಕೊಂಡ ನೆಲಕ್ಕಾಗಿ ಅಮೆರಿಕ ಮೆಕ್ಸಿಕೊಗೆ ಕೊಡಲು ಒಪ್ಪಿದ್ದು 1 ಕೋಟಿ 50 ಲಕ್ಷ ಡಾಲರ್. ಲೂಸಿಯಾನಾಕ್ಕೆ ಕೊಟ್ಟಷ್ಟೇ ಮೊತ್ತ, ಯುದ್ಧದ ಖರ್ಚು ಬೇರೆ.